ಹಸ್ತಪ್ರತಿ ಒಬ್ಬರದು, ಹಕ್ಕು ಎಲ್ಲರದು

ಹಾಸನದಲ್ಲಿ ಸಣ್ಣ ಪ್ರಕಾಶನವೊಂದನ್ನು ನಡೆಸುತ್ತಿರುವ ನಾನು, ತೀರಿಕೊಂಡ ಲೇಖಕರ ಪುಸ್ತಕವನ್ನು ಮರುಮುದ್ರಿಸುವುದಾದರೆ ಹಸ್ತಪ್ರತಿ ನೋಡುವ ಮೊದಲೇ ಅವರ ಕುಟುಂಬದ ವಂಶವೃಕ್ಷವನ್ನು ಕೇಳಿ ಪಡೆಯುತ್ತೇನೆ.

1998ರಲ್ಲಿ ನಿಧನರಾದ, ಸಕಲೇಶಪುರದ ಕಡೆಯ ಮೇಷ್ಟ್ರೊಬ್ಬರ ಪ್ರಬಂಧಗಳನ್ನು ತರಲು ಹೊರಟಾಗ, ಹಸ್ತಪ್ರತಿಗಳೂ ಕತ್ತರಿಸಿಟ್ಟ ಪತ್ರಿಕೆಯ ಹಾಳೆಗಳೂ ಹಿರಿಯ ಮಗನ ಮನೆಯ ಟ್ರಂಕಿನಲ್ಲಿದ್ದವು. "ವಿಭಾಗ ಪತ್ರದಲ್ಲಿ ಮನೆ, ಮನೆಯೊಳಗಿನ ಸಾಮಾನು ಎಲ್ಲ ನನ್ನ ಪಾಲಿಗೆ ಬಂದಿದೆ ಸಾರ್, ನನ್ನೊಬ್ಬನ ಸಹಿ ಸಾಲದೇ?" ಎಂದು ಅವರು ಕೇಳಿದರು. ಪತ್ರವನ್ನು ಪೂರ್ತಿ ಓದಿದೆ. ಚಕ್ಕುಬಂದಿ, ಬಾವಿಯ ನೀರಿನ ಸರದಿಯಿಂದ ಹಿಡಿದು ತಾಮ್ರದ ಹಂಡೆಯವರೆಗೆ ವಿವರವಿತ್ತು. ಕೃತಿಸ್ವಾಮ್ಯದ ಮಾತೇ ಇರಲಿಲ್ಲ. ಕಾಗದ ಅವರದೇ ನಿಜ. ಆದರೆ ಅದರಲ್ಲಿನ ಬರಹವನ್ನು ಅಚ್ಚು ಹಾಕಿಸುವ ಹಕ್ಕು, ಮೇಷ್ಟ್ರು ಉಯಿಲು ಬರೆದಿಡದ ಕಾರಣ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿದಂತೆ ವಾರಸುದಾರರೆಲ್ಲರಿಗೂ ಜಂಟಿಯಾಗಿ ಸೇರಿತ್ತು. ಎಲ್ಲರ ಸಹಿಯನ್ನೂ ಹಾಕಿಸಿಕೊಂಡೆ.

ಕರಾರು ಬರೆಸುವಾಗ ಜಮೀನಿನ ವ್ಯವಹಾರದ ಅಭ್ಯಾಸ ಕೆಲಸಕ್ಕೆ ಬರುವುದಿಲ್ಲ. ಕ್ರಯಪತ್ರ ನೋಂದಣಿಯಾದ ಮೇಲೆ ಗದ್ದೆಯನ್ನು ಬೀಳು ಬಿಟ್ಟ ಮಾತ್ರಕ್ಕೆ ಅದು ಮಾರಿದವರಿಗೆ ಮರಳುವುದಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಬರೆಸಿಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಹೊರತು, ಅದು ರದ್ದಾದಂತೆಯೇ. ಅವಧಿಯನ್ನು ಕಾಣಿಸದಿದ್ದರೆ 5 ವರ್ಷವೆಂದೂ ಪ್ರದೇಶವನ್ನು ಕಾಣಿಸದಿದ್ದರೆ ಭಾರತವೆಂದೂ ಲೆಕ್ಕ. ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕಿಲ್ಲವಾದರೂ ಕರಾರು ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು. ನಾನು ಕನ್ನಡದ ಮುದ್ರಿತ ಪುಸ್ತಕದ ಹಕ್ಕನ್ನು ಮಾತ್ರ 10 ವರ್ಷಕ್ಕೆ ಬರೆಸಿಕೊಂಡು, ಅನುವಾದ, ಇ-ಪುಸ್ತಕ, ಧ್ವನಿಪುಸ್ತಕಗಳ ಹಕ್ಕನ್ನು ಕುಟುಂಬಕ್ಕೇ ಬಿಟ್ಟೆ. ಹೀಗೆ ಬಿಡಿಬಿಡಿಯಾಗಿ ಕೊಡಲು ಅವಕಾಶವಿರುವಾಗ 'ಸರ್ವಹಕ್ಕು'ಗಳನ್ನು ಒಂದೇ ಸಾಲಿನಲ್ಲಿ ಬರೆಸಿಕೊಳ್ಳುವ ಪ್ರಕಾಶಕರ ಚಾಳಿ ನನಗೆ ಹಿಡಿಸುವುದಿಲ್ಲ.

ಕುಟುಂಬದ ಹಕ್ಕಿಗೂ ಕೊನೆಯ ದಿನವಿದೆ: ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ, ಎಂದರೆ 2058ರ ಡಿಸೆಂಬರ್ 31. ತಲೆಮಾರುಗಳಿಗೆ ಇಳಿದು ಬರುವ ತೋಟಕ್ಕೆ ಇಂಥ ಗಡುವಿಲ್ಲ.

ಮುಖಪುಟಕ್ಕೆ ಹಳೇಬೀಡಿನ ಶಿಲ್ಪವೊಂದರ ಛಾಯಾಚಿತ್ರವನ್ನು ಆರಿಸಿದೆವು. ಹನ್ನೆರಡನೆಯ ಶತಮಾನದ ಶಿಲ್ಪಕ್ಕೆ ಕೃತಿಸ್ವಾಮ್ಯದ ತಕರಾರಿಲ್ಲದಿದ್ದರೂ ಚಿತ್ರ ತೆಗೆದವರಿಗೆ ತಮ್ಮ ಚಿತ್ರದ ಮೇಲೆ ಹಕ್ಕಿದೆ. ಅವರಿಂದ ಒಪ್ಪಿಗೆ ಪತ್ರ ಪಡೆದಾಗ, ಎರಡನೆಯ ಮುದ್ರಣಕ್ಕೆ ಪ್ರತ್ಯೇಕ ಸಂಭಾವನೆ ಎಂದು ಸೇರಿಸಿ ಕೊಟ್ಟರು. ಅದು ನ್ಯಾಯವೇ ಆಗಿದ್ದರಿಂದ ಒಪ್ಪಿಕೊಂಡೆ.