ಕೊನೆಯ 20 ಬ್ಯಾರಲ್ ಸಿಹಿನೀರು

ಒಂದು ಎಣ್ಣೆ ಬಾವಿಯನ್ನು ನಾನು ಕೈಯಾರೆ ಕೆಡಿಸಿದ್ದೇನೆ. ಅದೂ ಬರೀ ನೀರಿನಿಂದ.

ದುರಸ್ತಿ ಕೆಲಸ ಮುಗಿಯುತ್ತ ಬಂದಿತ್ತು. ಎರಡು ದಿನ ಶೇ. 3ರ ಪೊಟ್ಯಾಸಿಯಂ ಕ್ಲೋರೈಡ್ ನೀರನ್ನೇ ಪಂಪ್ ಮಾಡಿದ್ದೆವು. ಎಣ್ಣೆ ಇರುವ ಕಲ್ಲಿನ ರಂಧ್ರಗಳಲ್ಲಿ ಜೇಡಿಮಣ್ಣು ಇರುತ್ತದೆ, ಅದನ್ನು ಕದಲದಂತೆ ಹಿಡಿಯುವ ಉಪ್ಪು ಇದು. ಕೊನೇ ಗಳಿಗೆಯಲ್ಲಿ ಆ ಟ್ಯಾಂಕ್ ಖಾಲಿಯಾಯಿತು. ಪೈಪಿನಲ್ಲಿ ಉಳಿದದ್ದನ್ನು ಕೆಳಕ್ಕೆ ತಳ್ಳಬೇಕಿತ್ತು. ಪಕ್ಕದಲ್ಲೇ ಸಿಹಿನೀರಿನ ಟ್ಯಾಂಕ್ ಇತ್ತು. "ಸ್ವಲ್ಪ ತಾನೇ, ಬಿಡಿ" ಅಂದವನು ನಾನೇ. ಪೈಪ್ ತುಂಬುವುದಕ್ಕಿಂತ 20 ಬ್ಯಾರಲ್ (ಸುಮಾರು 3,200 ಲೀಟರ್) ಜಾಸ್ತಿ ಹೋಗಿ ಕಲ್ಲಿನೊಳಗೆ ಸೇರಿತು. ಬಾವಿಯನ್ನು ಮತ್ತೆ ತೆರೆದಾಗ ಎಣ್ಣೆ ಮೊದಲಿನ ಕಾಲು ಭಾಗಕ್ಕೆ ಇಳಿದಿತ್ತು.

ಇಷ್ಟು ನೀರಿಗೆ ಇಷ್ಟು ನಷ್ಟವೇ ಎಂದು ನನಗೂ ನಂಬಿಕೆ ಬರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಎಣ್ಣೆ ಇರುವ ಕಲ್ಲಿನ ಪದರದ ದಪ್ಪ ಸುಮಾರು 5 ಮೀಟರ್, ಕಲ್ಲಿನಲ್ಲಿ ಐದನೇ ಒಂದು ಭಾಗ ರಂಧ್ರ. ಹಾಗಿದ್ದರೆ 20 ಬ್ಯಾರಲ್ ನೀರು ಬಾವಿಯ ಸುತ್ತ ಒಂದು ಮೀಟರ್ ದೂರ ಹೋಗುತ್ತದೆ, ಅಷ್ಟೇ. ಆದರೆ ಎಣ್ಣೆ ನಾಲ್ಕೂ ಕಡೆಯಿಂದ ಬಂದು ಇಕ್ಕಟ್ಟಾಗುವುದು ಆ ಒಂದು ಮೀಟರಿನಲ್ಲೇ. 200 ಮೀಟರ್ ದೂರದಿಂದ 10 ಸೆಂಟಿಮೀಟರ್ ತ್ರಿಜ್ಯದ ಬಾವಿಗೆ ಬರುವಾಗ ಒತ್ತಡದ ಸುಮಾರು ಶೇ. 30 ಅಲ್ಲೇ ಖರ್ಚಾಗುತ್ತದೆ. ಅಷ್ಟು ಜಾಗದಲ್ಲಿ ಕಲ್ಲು ಹರಿಯಬಿಡುವ ಶಕ್ತಿ ಹತ್ತನೇ ಒಂದಕ್ಕೆ ಇಳಿದರೆ ಇಡೀ ಬಾವಿಯ ಉತ್ಪಾದನೆ ಕಾಲು ಭಾಗಕ್ಕೆ ಬರುತ್ತದೆ. ಲೆಕ್ಕ ಸರಿಯಾಗಿ ಕೂತಿತು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

ನಮ್ಮ ಕಡೆ ಎಲ್ಲರೂ ಹೇಳುವ ಕಾರಣ ಒಂದೇ: "ಜೇಡಿ ಊದಿಕೊಂಡಿದೆ." ನಾನೂ ವರದಿಯಲ್ಲಿ ಹಾಗೇ ಬರೆದೆ. ಆಮೇಲೆ ಆ ಪದರದ ಕೋರ್ ತುಂಡುಗಳನ್ನು, ಅಂದರೆ ಬಾವಿಯಿಂದ ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು, ಎಕ್ಸ್-ರೇಗೆ ಕಳಿಸಿದೆವು. ಊದುವ ಜೇಡಿ ಅಂದರೆ ಸ್ಮೆಕ್ಟೈಟ್. ಅದು ಹೆಚ್ಚುಕಡಿಮೆ ಇರಲೇ ಇಲ್ಲ. ಇದ್ದದ್ದು ಕಯೋಲಿನೈಟ್. ಅದು ಊದುವುದಿಲ್ಲ. ಮರಳಿನ ಕಣಗಳ ಮೇಲೆ ಪುಟ್ಟ ಪುಟ್ಟ ಹಾಳೆಗಳ ಕಟ್ಟಿನಂತೆ ಕೂತಿರುತ್ತದೆ. ನೀರಿನಲ್ಲಿ ಉಪ್ಪು ಇರುವವರೆಗೆ ಅಂಟಿಕೊಂಡಿರುತ್ತದೆ. ಉಪ್ಪು ಒಮ್ಮೆಲೇ ಇಳಿದರೆ ಹಾಳೆಗೂ ಮರಳಿಗೂ ನಡುವಿನ ವಿದ್ಯುತ್ ವಿಕರ್ಷಣೆ ಮೇಲುಗೈ ಪಡೆದು ಹಾಳೆಗಳು ಕಳಚಿಕೊಳ್ಳುತ್ತವೆ. ಹರಿವಿನ ಜೊತೆ ಹೋಗಿ ಮುಂದೆ ರಂಧ್ರದ ಕಿರಿದಾದ ಕುತ್ತಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಕೋರಿನೊಳಗೆ ಉಪ್ಪುನೀರು ಹರಿಸಿ, ನಂತರ ಸಿಹಿನೀರಿಗೆ ತಿರುಗಿಸಿದೆ. ಒತ್ತಡದ ಮುಳ್ಳು ಸರ್ರನೆ ಏರಿತು. ಪಂಪ್ ನಿಲ್ಲಿಸಿ, ಕೋರನ್ನು ಹಿಂದುಮುಂದಾಗಿ ಹಾಕಿ ಅದೇ ಸಿಹಿನೀರನ್ನು ಬಿಟ್ಟೆ. ಸ್ವಲ್ಪ ಹೊತ್ತು ಹರಿವು ಸರಾಗವಾಯಿತು, ಆಮೇಲೆ ಮತ್ತೆ ಕಟ್ಟಿತು. ಊದಿಕೊಂಡಿದ್ದರೆ ದಿಕ್ಕು ಬದಲಿಸಿದರೆ ಏನೂ ಆಗಬಾರದು, ಅಲ್ವಾ? ಸಿಕ್ಕಿಕೊಂಡ ಕಣಗಳಾಗಿದ್ದರೆ ಮಾತ್ರ ಹಿಂದಕ್ಕೆ ಬಿಡಿಸಿಕೊಳ್ಳುತ್ತವೆ. ಖರ್ಚಿಲ್ಲದ ಪರೀಕ್ಷೆ ಇದು. ಈಗಲೂ ನಾನು ಮೊದಲು ಮಾಡುವುದು ಇದನ್ನೇ.

ಇನ್ನೊಂದು ಸಂಗತಿ ಆಗಲೇ ತಿಳಿಯಿತು. ಉಪ್ಪನ್ನು ನಿಧಾನವಾಗಿ, ಗಂಟೆಗಟ್ಟಲೆ ಇಳಿಸುತ್ತ ಬಂದರೆ ಅದೇ ಕಲ್ಲು ಅಷ್ಟಾಗಿ ಕಟ್ಟುವುದಿಲ್ಲ. ಕಣಗಳು ಸ್ವಲ್ಪ ಸ್ವಲ್ಪವೇ ಬಿಟ್ಟು, ಗುಂಪು ಕಟ್ಟದೆ ದಾಟಿಹೋಗುತ್ತವೆ. ಪ್ರಯೋಗಗಳಲ್ಲಿ ಎಲ್ಲರೂ ಬಳಸುವ ಬೆರಿಯಾ ಮರಳುಗಲ್ಲಿಗೆ ಮಾಮೂಲಿ ಉಪ್ಪಿನ ಗಡಿ ಲೀಟರಿಗೆ ಸುಮಾರು 4 ಗ್ರಾಂ. ಅದಕ್ಕಿಂತ ಕೆಳಗೆ ಥಟ್ಟನೆ ಇಳಿದರೆ ಕಲ್ಲು ಮುಚ್ಚಿಕೊಳ್ಳುತ್ತದೆ. ನಿಮ್ಮ ಕಲ್ಲಿನ ಗಡಿ ಬೇರೆ ಇರುತ್ತದೆ. ಅದನ್ನು ನಿಮ್ಮ ಕೋರಿನಲ್ಲೇ ಕಂಡುಕೊಳ್ಳಬೇಕು.

ಈಗ ರಾಸಾಯನಿಕದ ವಿಷಯ. ಪೊಟ್ಯಾಸಿಯಂ ಕ್ಲೋರೈಡ್ ಯಾಕೆ ಇಷ್ಟು ಜನಪ್ರಿಯ ಅಂದರೆ, ಪೊಟ್ಯಾಸಿಯಂ ಅಯಾನು ಜೇಡಿಯ ಹಾಳೆಯಲ್ಲಿರುವ ಆರು ಮೂಲೆಯ ಗುಳಿಗೆ ಅಳತೆ ಮಾಡಿದಂತೆ ಕೂರುತ್ತದೆ. ತನ್ನ ಸುತ್ತ ಜಾಸ್ತಿ ನೀರನ್ನೂ ಎಳೆದುಕೊಳ್ಳುವುದಿಲ್ಲ. ಆದರೆ ಅದು ಬಾಡಿಗೆದಾರ, ಮನೆಯ ಮಾಲೀಕ ಅಲ್ಲ. ಬೇರೆ ನೀರು ಬಂದರೆ ಎದ್ದು ಹೋಗುತ್ತದೆ. ನನ್ನ ಬಾವಿಯಲ್ಲಿ ಆದದ್ದೂ ಅದೇ. ಎರಡು ದಿನದ ಉಪ್ಪುನೀರಿನ ರಕ್ಷಣೆಯನ್ನು ಒಂದು ಗಂಟೆಯ ಸಿಹಿನೀರು ಅಳಿಸಿಹಾಕಿತು.

ಕೋಲಿನ್ ಕ್ಲೋರೈಡಿನಂಥ ಸಾವಯವ ಉಪ್ಪುಗಳು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತವೆ, ಮೂಟೆ ಹೊರುವ ಕಷ್ಟವೂ ಇಲ್ಲ. ಹೆಚ್ಚು ದಿನ ಉಳಿಯಬೇಕಾದರೆ ಧನ ವಿದ್ಯುದಂಶದ ಪಾಲಿಮರ್ ಬೇಕು. ಒಂದೊಂದು ಸರಪಳಿಯೂ ನೂರಾರು ಕಡೆ ಜೇಡಿಯನ್ನು ಹಿಡಿದುಕೊಳ್ಳುವುದರಿಂದ ಒಂದು ಕೈ ಬಿಟ್ಟರೂ ಉಳಿದವು ಬಿಡುವುದಿಲ್ಲ. ಆದರೆ ಸಣ್ಣ ರಂಧ್ರಗಳ ಬಿಗಿಯಾದ ಕಲ್ಲಿಗೆ ಉದ್ದ ಸರಪಳಿಯ ಪಾಲಿಮರ್ ಹಾಕಿದರೆ ಅದೇ ರಂಧ್ರಕ್ಕೆ ಬಿರಡೆಯಾಗುತ್ತದೆ. ಮಾರಾಟಗಾರರು ತೋರಿಸುವ ಚಂದದ ಗ್ರಾಫುಗಳು ಬಹಳ ಸಲ ಸಲೀಸಾಗಿ ಹರಿಯುವ ಕಲ್ಲಿನವು. ನಾನು ಅವನ್ನು ನೋಡುವುದನ್ನೇ ಬಿಟ್ಟಿದ್ದೇನೆ.

ಕೋರಿನಲ್ಲೂ ಒಂದು ಮೋಸವಿದೆ. ಇಲೈಟ್ ಅನ್ನುವ ಜೇಡಿ ಕೆಲವು ಕಲ್ಲುಗಳಲ್ಲಿ ಕೂದಲಿನಂತೆ ಬೆಳೆದು ರಂಧ್ರಗಳಿಗೆ ಅಡ್ಡ ನಿಂತಿರುತ್ತದೆ. ಕೋರನ್ನು ಸುಮ್ನೆ ಓವನ್ನಿನಲ್ಲಿ ಒಣಗಿಸಿದರೆ ಆ ಕೂದಲು ಗೋಡೆಗೆ ಒರಗಿ ಮಲಗಿಬಿಡುತ್ತದೆ. ಆಗ ಲ್ಯಾಬಿನಲ್ಲಿ ಹರಿವು ಬಹಳ ಚೆನ್ನಾಗಿ ಕಾಣುತ್ತದೆ, ಬಾವಿಯಲ್ಲಿ ಹಾಗಿರುವುದಿಲ್ಲ. ಒಂದಿಡೀ ಸರಣಿ ಪರೀಕ್ಷೆ ನನಗೆ ಹೀಗೇ ವ್ಯರ್ಥವಾಯಿತು.

ಕೆಡಿಸಿದ ಬಾವಿಗೆ ಕೊನೆಗೆ ಆಸಿಡ್ ಕೊಟ್ಟೆವು. ಹೈಡ್ರೋಕ್ಲೋರಿಕ್ ಶೇ. 12, ಹೈಡ್ರೋಫ್ಲೋರಿಕ್ ಶೇ. 3. ಜೇಡಿಯನ್ನು ಕರಗಿಸುವುದು ಹೈಡ್ರೋಫ್ಲೋರಿಕ್. ಅದರ ಮುಂಚೆ ಕಲ್ಲು ತೊಳೆಯಲು ನಾನು ಅಭ್ಯಾಸಬಲದಿಂದ ಪೊಟ್ಯಾಸಿಯಂ ಕ್ಲೋರೈಡನ್ನೇ ಬರೆದಿದ್ದೆ. ಕಾಗದ ನೋಡಿದ ಹಿರಿಯರೊಬ್ಬರು, "ಏನಪ್ಪಾ, ಇನ್ನೊಂದು ಸಲ ಮುಚ್ಚಿಸ್ತೀಯಾ?" ಅಂದರು. ಆಸಿಡ್ ಕರಗಿಸಿದ ಸಿಲಿಕಾ, ಫ್ಲೋರೈಡಿನ ಜೊತೆ ಸೇರಿರುತ್ತದೆ. ಅದಕ್ಕೆ ಪೊಟ್ಯಾಸಿಯಂ ಇಲ್ಲವೇ ಸೋಡಿಯಂ ಸಿಕ್ಕರೆ ಕರಗದ ಗಸಿಯಾಗಿ ರಂಧ್ರದಲ್ಲೇ ಕೂರುತ್ತದೆ. ಅಲ್ಲಿ ಅಮೋನಿಯಂ ಕ್ಲೋರೈಡ್ ಬಳಸಬೇಕು. ಒಂದು ಕಡೆ ಕಾಪಾಡುವ ಉಪ್ಪು ಇನ್ನೊಂದು ಕಡೆ ಕೊಲ್ಲುತ್ತದೆ ಎಂದು ಅಂದು ಗೊತ್ತಾಯಿತು. ಬಾವಿ ಚೇತರಿಸಿಕೊಂಡಿತು, ಪೂರ್ತಿ ಅಲ್ಲ.

ದ್ರವ ಬೆರೆಸುವಾಗಲೂ ಒಂದು ಮಾತು. 1000 ಲೀಟರ್ ನೀರಿಗೆ 31 ಕಿಲೋ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಶೇ. 3 ಬರುತ್ತದೆ. ಅದು ಕರಗುವಾಗ ಶಾಖ ಹೀರಿಕೊಳ್ಳುವುದರಿಂದ ಟ್ಯಾಂಕ್ ತಣ್ಣಗಾಗುತ್ತದೆ. ಚಳಿಯಲ್ಲಿ ಕೊನೆಯ ಮೂಟೆಗಳು ತಳದಲ್ಲೇ ಉಳಿದುಬಿಡುತ್ತವೆ. ಮೂಟೆಯ ಲೆಕ್ಕ ಸರಿ ಇರುತ್ತದೆ, ನೀರಿನಲ್ಲಿ ಅಷ್ಟು ಉಪ್ಪು ಇರುವುದಿಲ್ಲ. ಅದಕ್ಕೇ ನಾನು ಮೂಟೆ ಎಣಿಸುವುದಿಲ್ಲ, ಸಾಂದ್ರತೆ ಅಳೆಯುತ್ತೇನೆ. 20 ಡಿಗ್ರಿಯಲ್ಲಿ ಲೀಟರಿಗೆ 1.017 ಕಿಲೋ ಬರಬೇಕು. ಆಮೇಲೆ 2 ಮೈಕ್ರಾನ್ ಫಿಲ್ಟರ್, ಯಾಕೆಂದರೆ ಮೂಟೆಯ ಉಪ್ಪಿನಲ್ಲಿ ಕಸವೂ ಇರುತ್ತದೆ.

ಈಗ ಕೆಲಸ ಶುರುವಾಗುವ ಮೊದಲೇ ಸಿಹಿನೀರಿನ ಟ್ಯಾಂಕಿನ ಪೈಪನ್ನು ಪಂಪಿನಿಂದ ಬಿಚ್ಚಿಸುತ್ತೇನೆ. ವಾಲ್ವ್ ಮುಚ್ಚಿದರೆ ಸಾಲದೇ ಎಂದು ಹುಡುಗರು ಕೇಳುತ್ತಾರೆ. ಸಾಲದು ಅನ್ನುತ್ತೇನೆ. ಮುಚ್ಚಿದ ವಾಲ್ವನ್ನು ತೆರೆಯಲು ಹೇಳುವವನು ನನ್ನಂಥವನೇ ಆಗಿರುತ್ತಾನೆ.