ದಿನದ ಪ್ರಾರ್ಥನೆ: ತಾರೀಕು ಹಿಡಿದು ಕೀರ್ತನೆ

ದಿನವೂ ಪ್ರಾರ್ಥಿಸಬೇಕೆಂದು ಹೊರಡುವ ಬಹಳ ಮಂದಿ ಮೊದಲ ದಿನವೇ ಅರ್ಧ ಗಂಟೆಯ ಗುರಿ ಇಟ್ಟುಕೊಳ್ಳುತ್ತಾರೆ. ಜೊತೆಗೆ, ಪ್ರತಿ ಮಾತೂ ಆಗಿಂದಾಗ ತಮ್ಮೊಳಗಿಂದಲೇ ಹುಟ್ಟಬೇಕೆಂದುಕೊಳ್ಳುತ್ತಾರೆ. ಈ ಎರಡು ಭಾರ ಒಟ್ಟಿಗೆ ಹೊತ್ತ ಅಭ್ಯಾಸ ಹೆಚ್ಚು ದೂರ ನಡೆಯುವುದಿಲ್ಲ. ನಾನು ಪಾಲಿಸುವ ಕ್ರಮ 15 ನಿಮಿಷದ್ದು. ಅದರ ಬಹುಪಾಲು ಮಾತು ಸತ್ಯವೇದದ್ದೇ, ಅಂದರೆ ಬೈಬಲಿನದ್ದೇ. ನನ್ನ ಸ್ವಂತ ಮಾತು ಕೊನೆಗೆ ಬರುತ್ತದೆ.

ಗಡಿಯಾರದ ಹೊತ್ತಿಗಿಂತ ಕೆಲಸದ ಸರದಿ ಹಿಡಿಯುವುದು ಒಳ್ಳೆಯದು. ‘ಬೆಳಿಗ್ಗೆ ಐದೂವರೆಗೆ’ ಎಂದುಕೊಂಡರೆ ಒಂದು ದಿನ ತಡವಾಗಿ ಎದ್ದರೂ ತಪ್ಪಿಹೋಯಿತು. ‘ಮುಖ ತೊಳೆದ ಮೇಲೆ, ಫೋನ್ ಮುಟ್ಟುವ ಮೊದಲು’ ಎಂದುಕೊಂಡರೆ ಎಷ್ಟು ಹೊತ್ತಿಗೆ ಎದ್ದರೂ ನಡೆಯುತ್ತದೆ. ಜಾಗವೂ ಗೊತ್ತಾಗಿರಬೇಕು. ಸತ್ಯವೇದದ ಪ್ರವಾದಿ ದಾನಿಯೇಲನಿಗೆ ಯೆರೂಸಲೇಮಿನ ಕಡೆ ಕಿಟಕಿ ತೆರೆದ ಮಹಡಿಯ ಕೋಣೆ ಇತ್ತು, ದಿನಕ್ಕೆ ಮೂರು ಸಲ ಅಲ್ಲೇ ಮೊಣಕಾಲೂರುತ್ತಿದ್ದ (ದಾನಿಯೇಲ 6:10). ನಮಗೆ ಒಂದು ಕುರ್ಚಿ ಸಾಕು. ಸತ್ಯವೇದ, ನೋಟ್‌ಬುಕ್, ಪೆನ್ನು ರಾತ್ರಿಯೇ ಅಲ್ಲಿರಲಿ. ಬೆಳಿಗ್ಗೆ ಹುಡುಕಲು ಎದ್ದರೆ ಬೇರೆ ಕೆಲಸ ಕಣ್ಣಿಗೆ ಬೀಳುತ್ತದೆ. ಹಾಸಿಗೆಯ ಮೇಲೆ ಕೂತರೆ ತೂಕಡಿಕೆ ಖಂಡಿತ. ಫೋನಿನಲ್ಲೇ ಓದಬೇಕಾದರೆ ಇಂಟರ್‌ನೆಟ್ ಆಫ್ ಮಾಡಿ ಕೂರಬೇಕು.

ಮೊದಲು ಒಂದು ನಿಮಿಷ ಸುಮ್ಮನೆ ಕೂರುವುದು, ಆಮೇಲೆ ಒಂದು ಕೀರ್ತನೆ, ಅಂದರೆ ಸತ್ಯವೇದದ ಕೀರ್ತನೆಗಳ ಪುಸ್ತಕದ ಒಂದು ಪ್ರಾರ್ಥನಾಗೀತೆ. ಯಾವುದನ್ನು ಓದಲಿ ಎಂಬ ಯೋಚನೆಯಲ್ಲೇ ಐದು ನಿಮಿಷ ಹೋಗಬಾರದು. ಒಟ್ಟು 150 ಕೀರ್ತನೆಗಳಿವೆ. ತಾರೀಕಿನ ಸಂಖ್ಯೆಗೆ 30 ಕೂಡಿಸುತ್ತಾ ಹೋದರೆ ದಿನಕ್ಕೆ ಐದು ಸಿಗುತ್ತವೆ. 7ನೇ ತಾರೀಕಿಗೆ 7, 37, 67, 97, 127. ಐದರಲ್ಲಿ ಒಂದನ್ನು ಮಾತ್ರ ಓದುತ್ತೇನೆ, ಮುಂದಿನ ತಿಂಗಳು ಅದೇ ತಾರೀಕಿಗೆ ಇನ್ನೊಂದು. 29ರ ಪಟ್ಟಿಯಲ್ಲಿ 119ನೇ ಕೀರ್ತನೆ ಬರುತ್ತದೆ, 176 ವಚನಗಳದ್ದು. ಅದು ಎಂಟೆಂಟು ವಚನಗಳ 22 ಭಾಗಗಳಾಗಿರುವುದರಿಂದ ಒಂದು ಭಾಗ ಸಾಕು. 31ನೇ ತಾರೀಕಿಗೆ ಅದರದೇ ಮುಂದಿನ ಭಾಗ. ಓದುವಾಗ ತುಟಿ ಅಲುಗಬೇಕು. ಹೆಚ್ಚಿನ ವಚನಗಳು ಎರಡು ಪಾದಗಳಾಗಿರುತ್ತವೆ, ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕು. ಕಣ್ಣಲ್ಲೇ ಓದಿದರೆ ಎರಡನೆಯ ಪಾದ ‘ಅದೇ ಮಾತು ತಾನೇ’ ಎಂದು ಜಾರಿಹೋಗುತ್ತದೆ.

ಆಮೇಲೆ ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ, ಒಂದೊಂದು ಬೇಡಿಕೆಯ ಬಳಿ ನಿಂತು. ‘ನಿನ್ನ ರಾಜ್ಯವು ಬರಲಿ’ ಎಂದ ಮೇಲೆ ಆ ದಿನ ನ್ಯಾಯ ಬೇಕಾದ ಒಂದು ಕಡೆಯನ್ನು ಹೆಸರಿಸಿ ಹೇಳುವುದು. ಅನುದಿನದ ಆಹಾರ ಎಂದಾಗ ಮನೆಯ ಖರ್ಚು, ಕೆಲಸ ಹೋದ ನೆಂಟರು. ಕ್ಷಮೆಯ ಮಾತು ಬಂದಾಗ ನಿನ್ನೆಯ ತಪ್ಪು ಯಾವುದು, ಯಾರಿಗೆ ಮಾಡಿದ್ದು ಎಂಬುದನ್ನು ಮುಚ್ಚಿಡದೆ ಹೇಳುವುದು. 1535ರಲ್ಲಿ ಜರ್ಮನಿಯ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೇತರನಿಗೆ ಕಲಿಸಿದ್ದೂ ಇದೇ ದಾರಿ: ಒಂದು ಬೇಡಿಕೆಯಲ್ಲಿ ಮನಸ್ಸು ತುಂಬಿ ನಿಂತರೆ ಉಳಿದದ್ದನ್ನು ಬಿಟ್ಟು ಅಲ್ಲೇ ಇರಬಹುದು. ಕ್ಷೌರದ ಕತ್ತಿ ಹಿಡಿದವನು ಕತ್ತಿಯ ಮೇಲೇ ಗಮನ ಇಟ್ಟಿರುವಂತೆ ಪ್ರಾರ್ಥಿಸಬೇಕು ಎಂದೂ ಅವನು ಬರೆದ. ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಸಲಹೆ ಇಲ್ಲ. ಆದರೂ ಮನಸ್ಸು ಓಡುತ್ತದೆ: ಕರೆಂಟ್ ಬಿಲ್, ಮಗುವಿನ ಫೀಸು. ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡೇ ಪದದಲ್ಲಿ ಗೀಚಿ ಮರಳಿ ಬರುವುದು. ಮರೆತುಹೋದೀತೆಂಬ ಭಯ ತೀರಿದರೆ ಅದು ಮತ್ತೆ ಕಾಡುವುದಿಲ್ಲ.

ಇತರರಿಗಾಗಿ ಬೇಡುವ ಹೆಸರುಗಳನ್ನು ವಾರಕ್ಕೆ ಹಂಚಿಕೊಳ್ಳಬೇಕು. ಭಾನುವಾರ ಸಭೆ ಮತ್ತು ಪಾದ್ರಿಗಳು, ಸೋಮವಾರ ಒಡಹುಟ್ಟಿದವರು, ಮಂಗಳವಾರ ಕಾಯಿಲೆಯವರು, ಹೀಗೆ. ದಿನಕ್ಕೆ ಆರಕ್ಕಿಂತ ಹೆಚ್ಚು ಬೇಡ. ಪ್ರಾರ್ಥಿಸಿ ಎಂದು ಕೇಳಿಕೊಂಡ ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಅದು ಶಾಲೆಯ ಹಾಜರಿಯಾಗುತ್ತದೆ. ಪ್ರತಿ ಹೆಸರಿನ ಮುಂದೆ ತಾರೀಕು, ಬೇಡಿದ್ದೇನು ಎಂಬುದನ್ನು ಬರೆದು ಬಲಗಡೆ ಜಾಗ ಬಿಡಬೇಕು. ಮೂರು ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ ಆ ಜಾಗ ತುಂಬಿದಾಗಲೇ ಸ್ತೋತ್ರ ಹೇಳಲು ಎಷ್ಟಿದೆ ಎಂದು ತಿಳಿಯುವುದು.

ತಪ್ಪಿದ ದಿನದ ಕೀರ್ತನೆಯನ್ನು ಮರುದಿನ ಸೇರಿಸಿ ಓದಬಾರದು. ಬಾಕಿ ಬೆಳೆದರೆ ಪ್ರಾರ್ಥನೆ ಸಾಲವೆನಿಸಿ ಜನ ಪೂರ್ತಿ ಬಿಟ್ಟುಬಿಡುತ್ತಾರೆ. ತಾರೀಕು ಹಿಡಿಯುವುದರ ಲಾಭವೇ ಇದು, ಇವತ್ತಿನದು ಇವತ್ತಿಗೆ. ಏನೂ ಅನಿಸದ ವಾರಗಳೂ ಬರುತ್ತವೆ. ಆಗ ಉತ್ಸಾಹ ಬರಿಸಿಕೊಳ್ಳಲು ಹೆಣಗದೆ 13 ಅಥವಾ 88ನೇ ಕೀರ್ತನೆಯನ್ನು ನಿಧಾನವಾಗಿ ಓದಿ ಎದ್ದರೆ ಸಾಕು. 88 ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಮಾತನ್ನೂ ದೇವರ ಮುಂದೆ ಆಡಬಹುದು ಎಂಬುದಕ್ಕೇ ಅದು ಸತ್ಯವೇದದಲ್ಲಿದೆ ಎಂದು ನಂಬಿದ್ದೇನೆ.

ಮನೆಮಂದಿಯ ಪ್ರಾರ್ಥನೆ ಇದಕ್ಕೆ ಬದಲಿಯಲ್ಲ, ಅದು ಬೇರೆಯೇ ಇರಬೇಕು. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ: ಗೀತೆಯ ಎರಡು ಚರಣ, ಆ ದಿನದ ಐದರಲ್ಲಿ ಅತಿ ಚಿಕ್ಕ ಕೀರ್ತನೆ, ಕರ್ತನ ಪ್ರಾರ್ಥನೆ. ಮಕ್ಕಳಿದ್ದರೆ ವಚನಗಳನ್ನು ಸರದಿಯಲ್ಲಿ ಅವರೇ ಓದಲಿ, ಹಿರಿಯರು ಆಮೇಲೆ ಅರ್ಥ ವಿವರಿಸಲು ಹೋಗದಿರಲಿ.