ಮುಖಪುಟವನ್ನು ಸ್ಕೇಲ್ ಹಿಡಿದು ಅಳೆದೆ, ಆಮೇಲೆ ಮಡಚಿ ನೋಡಿದೆ

ಮಾರಾಟವಾಗದೆ ವಾಪಸ್ ಬರುವ ರಿಟರ್ನ್ ಪ್ರತಿ ಕಡಿಮೆಯಾಗಿದೆ ಅಂತ ಮೊನ್ನೆ ಸರ್ಕ್ಯುಲೇಷನ್‌ನವರೇ ಬಾಯಿಬಿಟ್ಟು ಹೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಡೆಸ್ಕ್‌ನಲ್ಲಿ ನನಗಿದ್ದ ಹೆಸರು 'ಸರ್ವೆಯರ್'. ಕುಮಟಾ ಕಡೆಯ ನಮ್ಮ ಹಿರಿಯ ಉಪಸಂಪಾದಕರು ಸ್ಕೇಲ್ ನೋಡಿದಾಗೆಲ್ಲ ಅದನ್ನೇ ಹೇಳುತ್ತಿದ್ದರು: "ತಮಾ, ಪೇಪರ್ ಇರೂದು ಓದೂಕೆ, ಅಳತೆ ಮಾಡೂಕಲ್ಲ."

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಪುಟ್ಟ ದಿನಪತ್ರಿಕೆ. ಮುದ್ರಣ ಒಂದೇ ಕಡೆ, ಘಟ್ಟದ ಮೇಲೂ ಕೆಳಗೂ ಅದೇ ಮುಖಪುಟ. 2024ರ ಜೂನ್, ಜುಲೈ ಎರಡು ತಿಂಗಳು ನಮ್ಮ ಪೇಪರಿನ ಜೊತೆ ಬೇರೆ ನಾಲ್ಕು ಪೇಪರ್ ತರಿಸಿ ಅಳೆದೆ. ಖರ್ಚು ಸುಮಾರು 1,400 ರೂಪಾಯಿ, ನನ್ನ ಕಿಸೆಯಿಂದ. ಎಂಟು ಕಾಲಂ, 52 ಸೆಂ.ಮೀ. ಎತ್ತರ, ಒಟ್ಟು 416 ಕಾಲಂ ಸೆಂ.ಮೀ. (ಒಂದು ಕಾಲಂ ಅಗಲ, ಒಂದು ಸೆಂ.ಮೀ. ಎತ್ತರದ ಜಾಗ ಅಂದರೆ ಒಂದು ಕಾಲಂ ಸೆಂ.ಮೀ.). ಮೇಲೆ ಪೇಪರಿನ ಹೆಸರಿರುವ ಮಾಸ್ಟ್‌ಹೆಡ್‌ಗೆ ಎಪ್ಪತ್ತು, ಜಾಹೀರಾತಿಗೆ ತೊಂಬತ್ತರ ಹತ್ತಿರ ಹೋಗುತ್ತಿತ್ತು. ಉಳಿದದ್ದರಲ್ಲಿ ನಡೆದ ಸುದ್ದಿಗೆ ನೀಲಿ ಪೆನ್ಸಿಲ್, ಯಾರೋ ಹೇಳಿದ ಸುದ್ದಿಗೆ ಕೆಂಪು. 'ಅಭಿವೃದ್ಧಿಗೆ ಬದ್ಧ: ಶಾಸಕ' ಅಂತ ಕೊನೆಗೆ ಎರಡು ಚುಕ್ಕಿ ಬಿದ್ದು ಹೆಸರು ಬರುತ್ತದಲ್ಲ, ಅದೆಲ್ಲ ಕೆಂಪು. ಸನ್ಮಾನದ ಫೋಟೋನೂ ಕೆಂಪೇ. ತಿಂಗಳು ಮುಗಿಯುವಷ್ಟರಲ್ಲಿ ಮೂರು ಕೆಂಪು ಪೆನ್ಸಿಲ್ ಸವೆದಿತ್ತು, ನೀಲಿ ಒಂದೂ ಪೂರ್ತಿ ಮುಗಿದಿರಲಿಲ್ಲ. ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲೆ ಹದಿನೈದು ದಿನದ ಪುಟಗಳನ್ನು ಬೇರೆಯೇ ಕಟ್ಟಿಟ್ಟೆ. ಅವು ಲೆಕ್ಕಕ್ಕೆ ಸೇರುವಂಥವಲ್ಲ.

ಈ ಲೆಕ್ಕ ತೋರಿಸಿ ಮಾಲೀಕರ ಹತ್ತಿರ ಕೆಂಪು ಕಡಿಮೆ ಮಾಡೋಣ ಅಂದೆ. ಸನ್ಮಾನದ ಫೋಟೋ ಹಾಕಿಸಿಕೊಂಡವರು ಹತ್ತು ಪ್ರತಿ ಜಾಸ್ತಿ ತಗೊಳ್ತಾರೆ ಮಾರಾಯ ಅಂದರು. ಅದೂ ಸುಳ್ಳಲ್ಲ. ಎರಡು ವಾರ ನನ್ನ ಇಷ್ಟದ ಪುಟ ಮಾಡಿ ನೋಡಿದರೆ ರಿಟರ್ನ್ ಒಂದು ಪ್ರತಿಯೂ ಇಳಿಯಲಿಲ್ಲ.

ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹತ್ತಿರ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಷ್ಟೊತ್ತಿಗೆ ನಮ್ಮ ಪುಟ ಪ್ರೆಸ್ಸಿಗೆ ಹೋಗಿಯಾಗಿತ್ತು. ಬೆಳಿಗ್ಗೆ ಎಲ್ಲರ ಮೊಬೈಲಿನಲ್ಲಿ ಸೇತುವೆ, ನಮ್ಮಲ್ಲಿ ಮಾತ್ರ ಯಾರದೋ ಹೇಳಿಕೆ. ಮರುದಿನ ಆರು ಕಾಲಂ ಅಗಲಕ್ಕೆ ಸೇತುವೆ ಕುಸಿತ ಅಂತಲೇ ಹಾಕಿದೆವು. ಹೊಸ ಸೇತುವೆ ಮೇಲೆ ಗಾಡಿ ಬಿಡುತ್ತಾರಾ ಇಲ್ವಾ ಅಂತ ಜನ ಕೇಳುತ್ತಿದ್ದರೆ ಅದು ಒಳಗಿನ ಸಿಂಗಲ್ ಕಾಲಂನಲ್ಲಿ.

ಬುದ್ಧಿ ಬಂದದ್ದು ಶಿರಸಿ ಹಳೆ ಬಸ್ ನಿಲ್ದಾಣದ ಹತ್ತಿರದ ಪೇಪರ್ ಅಂಗಡಿಯಲ್ಲಿ. ಮಳೆ ಹೊಯ್ಯುತ್ತಿತ್ತು, ಬಸ್ ಇರಲಿಲ್ಲ, ಸುಮ್ನೆ ನಿಂತಿದ್ದೆ. ಅಂಗಡಿಯವ ಪೇಪರನ್ನು ಅಡ್ಡ ಮಡಚಿ, ಮತ್ತೊಮ್ಮೆ ಉದ್ದಕ್ಕೆ ಮಡಚಿ, ಪ್ಲಾಸ್ಟಿಕ್ ಅಡಿಗೆ ಸಾಲಾಗಿ ಇಡುತ್ತಿದ್ದ. ಕಾಣುತ್ತಿದ್ದದ್ದು ನಮ್ಮ ಹೆಸರಿನ ಮೊದಲ ಎರಡು ಅಕ್ಷರ, ಎಡ ಕಿವಿಯಲ್ಲಿ (ಹೆಸರಿನ ಎಡಪಕ್ಕದ ಚೌಕದಲ್ಲಿ) ಬಂಗಾರದ ಅಂಗಡಿ ಜಾಹೀರಾತು, ಅದರ ಕೆಳಗೆ ನಾಲ್ಕು ಕಾಲಂ. ಅಷ್ಟೇ. ನಾನು ರಾತ್ರಿ ಹನ್ನೊಂದರವರೆಗೆ ಕೂತು ಚಂದ ಮಾಡಿದ ಲೀಡ್, ಅಂದರೆ ಮುಖ್ಯ ಸುದ್ದಿ, ಬಲಗಡೆ ಮಡಿಕೆಯ ಹಿಂದೆ ಮಲಗಿತ್ತು. ಇಷ್ಟು ದಿನ ಕಾಲು ಪುಟ ಮಾರುತ್ತಿದ್ದೆವು, ಇಡೀ ಪುಟ ಅಳೆಯುತ್ತಿದ್ದೆ.

ಆ ಕಾಲು ಪುಟದಲ್ಲಿ ಘಟ್ಟದ ಮೇಲಿನವರಿಗೆ ಅಡಿಕೆ ಧಾರಣೆ ಬೇಕು. ರಾಶಿ, ಚಾಲಿ, ಬೆಟ್ಟೆ, ಮೂರು ಬಗೆಯ ಅಡಿಕೆಗೆ ಮೂರು ಸಾಲು ಸಾಕು. ಕೆಳಗಿನವರಿಗೆ ಮೀನಿನ ದರ. ಎರಡು ಮುಖಪುಟ ಮಾಡಲು ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟ್ (ಅಚ್ಚೊತ್ತುವ ತಗಡು) ಹೆಚ್ಚಿಗೆ ಬೇಕು, ಮಾಲೀಕರು ಕೇಳುವ ಮೊದಲೇ ಬೇಡ ಅನ್ನುತ್ತಾರೆ. ದರದ ಅಕ್ಷರ ಕಪ್ಪಲ್ಲಿ ಇಟ್ಟು ಕಪ್ಪು ಪ್ಲೇಟ್ ಒಂದನ್ನೇ ಬದಲಿಸಿದರೆ? ದಿನಕ್ಕೆ ಸುಮಾರು 250 ರೂಪಾಯಿ. ಮಷಿನ್ ಹದಿನೈದು ನಿಮಿಷ ನಿಲ್ಲುತ್ತದೆ. ಪ್ರೆಸ್ಸಿನವ ಕೈ ಮುಗಿದ, ನಾನು ಚಹಾ ಕುಡಿಸಿದೆ.

ಮೊದಲ ದಿನವೇ ಎಡವಟ್ಟಾಯಿತು. ಸ್ಕ್ರೀನ್ ಮೇಲೆ ಕಪ್ಪಾಗಿ ಕಂಡ ಹೆಡ್ಡಿಂಗ್ ನಾಲ್ಕೂ ಬಣ್ಣ ಸೇರಿದ ಕಪ್ಪು. ಕಪ್ಪು ಪ್ಲೇಟ್ ಮಾತ್ರ ಬದಲಾಯಿತು, ಉಳಿದ ಮೂರರಲ್ಲಿ ಹಳೆಯದು ಹಾಗೇ ಕೂತಿತ್ತು. ಕಾರವಾರಕ್ಕೆ ಹೋದ ಪ್ರತಿಯಲ್ಲಿ 'ಬಂಗಡೆ'ಯ ಹಿಂದೆ ಕಂದು ಬಣ್ಣದ 'ಅಡಿಕೆ' ದೆವ್ವದ ಹಾಗೆ ನಿಂತಿತ್ತು. ಸುಮಾರು ಎರಡು ಸಾವಿರ ಪ್ರತಿ. ಆ ತಿಂಗಳು ಸಂಬಳದಲ್ಲಿ ಮೂರು ಸಾವಿರ ಹಿಡಿದರು. ಈಗ ಆ ದರದ ಬಾಕ್ಸಿನಲ್ಲಿ ಏನೇ ಇರಲಿ, ಪ್ಲೇಟಿಗೆ ಕಳಿಸುವ ಮೊದಲು ಬಣ್ಣ ಬೇರ್ಪಡಿಸಿ ಒಂದೊಂದನ್ನೇ ನೋಡುತ್ತೇನೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು, ಒತ್ತಕ್ಷರದ್ದು. ಎರಡು ಸಾಲಿನ ಹೆಡ್ಡಿಂಗಿನಲ್ಲಿ ಮೇಲೆ 'ರಾಷ್ಟ್ರೀಯ' ಇದ್ದು ಕೆಳಗೆ 'ಶಿರಸಿ' ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಕುಟ್ಟುತ್ತದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಮಾಡಿದರಂತೂ ಶಾಯಿ ತುಂಬಿ ಒತ್ತೇ ಮಾಯ. ಒಂದು ತಿಂಗಳು ಮೇಲಿನ ಸಾಲಿನಲ್ಲಿ ಒತ್ತಿಲ್ಲದ ಪದವನ್ನೇ ಹುಡುಕಿ ಬರೆದೆ. ಮುಖ್ಯಮಂತ್ರಿ ಬಂದ ದಿನ ಸೋತೆ. ಈಗ ಪದ ಹುಡುಕುವುದಿಲ್ಲ, ಸಾಲಿನ ಅಂತರದಲ್ಲೇ ಸರಿ ಮಾಡುತ್ತೇನೆ. ಎಷ್ಟು ಪಾಯಿಂಟ್ ಅಂತ ಇಲ್ಲಿ ಬರೆಯಲ್ಲ. ಮೀನಿನ ದರ ರಾತ್ರಿ ಹತ್ತಕ್ಕೆ ಯಾರು ಕಳಿಸುತ್ತಾರೆ ಅನ್ನುವುದನ್ನೂ ಹೇಳಲ್ಲ.

ರಿಟರ್ನ್ ಮೊದಲು ನೂರಕ್ಕೆ ಹದಿನೆಂಟರ ಹತ್ತಿರ ಇತ್ತು, ಈಗ ಹತ್ತರ ಒಳಗೆ ಇದೆ. ಎಡ ಕಿವಿಯ ದರವನ್ನು ಮಾಲೀಕರು ಸದ್ದಿಲ್ಲದೆ ಏರಿಸಿದ್ದಾರೆ. ನಮ್ಮ ಹಿರಿಯರು ಈಗ ಲೀಡ್ ಎಡಕ್ಕೆ ಇಡುವುದು ತಮ್ಮ ಹಳೇ ಪದ್ಧತಿ ಅಂತ ಟ್ರೈನಿಗಳಿಗೆ ಹೇಳುತ್ತಾರೆ. ಹೇಳಲಿ ಬಿಡಿ.

ಜೋಯಿಡಾದ್ದೊಂದು ಉಳಿದಿದೆ. ಅಲ್ಲಿಗೆ ಹೋಗುವ ಕಟ್ಟು ಕಾರವಾರದ ಗಾಡಿಯಲ್ಲೇ ಹೋಗುತ್ತದೆ, ಹಾಗಾಗಿ ಕಾಡಿನ ನಡುವೆ ಕೂತವರಿಗೆ ದಿನಾ ಬಂಗಡೆ ದರ. ಅಲ್ಲಿನ ಏಜೆಂಟರು ವಾರಕ್ಕೊಮ್ಮೆ ಫೋನ್ ಮಾಡಿ ಬೈಯುತ್ತಾರೆ. ಅವರಿಗೆ ಅಂತ ಇನ್ನೊಂದು ಪ್ಲೇಟ್ ಕೇಳಬೇಕು. ಮುಂದಿನ ಮಾರಿಜಾತ್ರೆಯ ಜಾಹೀರಾತು ದುಡ್ಡು ಬಂದ ದಿನ ಕೇಳುತ್ತೇನೆ.